ಎರಡನೇ ತೊಟ್ಟಿಯ ತಾಯಂದಿರು

ಕಾದ ಇಕ್ಕಳದ ತುದಿ ಕಣ್ಣಿನ ದಂಟಿಗೆ ತಾಗಿದ ಕೂಡಲೇ ಸೀಗಡಿ ಅವಳ ಎಡ ಅಂಗೈಯಲ್ಲಿ ಬಿಲ್ಲಿನಂತೆ ಬಾಗಿ, ಎರಡು ಸಲ ಬಾಲ ಬಡಿದು, ಸುಮ್ಮನಾಯಿತು. ಚುಯ್ ಎಂಬ ಸಣ್ಣ ಸದ್ದು. ಅದರ ಹಿಂದೆಯೇ ಉಗುರು ಸುಟ್ಟಂಥ ವಾಸನೆ. ಅವಳು ಮನಸ್ಸಿನಲ್ಲೇ ಮೂರು ಎಣಿಸಿ ಇಕ್ಕಳ ತೆಗೆದು, ಒಂಟಿಗಣ್ಣಿನ ಆ ತಾಯಿಯನ್ನು ಮೊದಲನೇ ತೊಟ್ಟಿಗೆ ಮೆಲ್ಲಗೆ ಇಳಿಬಿಟ್ಟಳು.

"ಹತ್ತೊಂಬತ್ತು. ಇನ್ನೊಂದು ಕೊಡಿ," ಎಂದಳು.

ಬಲೆ ಹಿಡಿದು ನಿಂತಿದ್ದ ಹುಡುಗಿ ಕೊಡಲಿಲ್ಲ. ಸಂಶೋಧನೆಗೆಂದು ದೊಡ್ಡ ಊರಿನಿಂದ ಮೂರು ತಿಂಗಳ ಮಟ್ಟಿಗೆ ಬಂದಿದ್ದವಳು. ಓದು ಮುಗಿಸಿ ಡಾಕ್ಟರ್ ಎನಿಸಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಎಲ್ಲರೂ ಡಾಕ್ಟರಮ್ಮ ಎನ್ನುತ್ತಿದ್ದರು.

"ನಿಮಗೆ ಏನೂ ಅನ್ಸಲ್ವಾ ಅಕ್ಕ?"

"ಮೊದಮೊದಲು ಅನ್ನಿಸ್ತಿತ್ತು. ರಾತ್ರಿ ಊಟ ಸೇರ್ತಿರಲಿಲ್ಲ. ಈಗ ಹನ್ನೊಂದು ವರ್ಷ ಆಯ್ತು, ಇಕ್ಕಳ ಹಿಡಿದೇ ಹುಟ್ಟಿದೆನೇನೋ ಅನ್ನೋ ಹಾಗಾಗಿದೆ. ಕೊಡಿ, ಇಕ್ಕಳ ಆರಿಹೋಗುತ್ತೆ."

ಸೀಗಡಿ ಮರಿ ಹುಟ್ಟಿಸಿ ಮಾರುವ ಆ ಘಟಕದಲ್ಲಿ ಅವಳನ್ನು ಇಕ್ಕಳದಕ್ಕ ಎಂದೇ ಕರೆಯುತ್ತಿದ್ದರು. ಅವಳ ಗಂಡ ಅಲ್ಲೇ ಪಂಪ್ ನೋಡಿಕೊಳ್ಳುತ್ತಿದ್ದ. ಗಂಡನ ಅಣ್ಣ, ಅವಳಿಗೆ ಭಾವ, ಇಡೀ ಘಟಕಕ್ಕೆ ಮ್ಯಾನೇಜರು. ಇಬ್ಬರಿಗೂ ಕೆಲಸ ಕೊಡಿಸಿದ್ದು ಅವನೇ. ಒಂದೇ ಅಂಗಳದ ಎರಡು ಮನೆ. ಅತ್ತೆ ಒಂದು ತಿಂಗಳು ಈ ಕಡೆ, ಒಂದು ತಿಂಗಳು ಆ ಕಡೆ. ಡಾಕ್ಟರಮ್ಮ ಬಂದ ಸುದ್ದಿ ಕೇಳಿ ಅತ್ತೆ, "ನಾನು ಐದು ಹೆತ್ತೆ, ಒಬ್ಬ ಡಾಕ್ಟರೂ ಹೊಸಿಲು ತುಳಿಯಲಿಲ್ಲ. ಸೀಗಡಿಗೆ ಹೆರಿಗೆ ಡಾಕ್ಟರಂತೆ, ಏನು ಅದೃಷ್ಟವಪ್ಪಾ ಅದರದ್ದು!" ಎಂದಿದ್ದಳು.

ತಾಯಿ ಸೀಗಡಿಗಳ ಕೋಣೆಯ ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಹೊಡೆದಿತ್ತು. ಸೀಗಡಿ ಕತ್ತಲಲ್ಲೇ ಮೊಟ್ಟೆ ಇಡುವುದು. ಜನ ಕೆಲಸ ಮಾಡುವುದು ಹಗಲಲ್ಲಿ. ಅದಕ್ಕೆ ದೀಪದ ಗಡಿಯಾರವನ್ನೇ ತಿರುಗಿಸಿಟ್ಟಿದ್ದರು. ಹೊರಗೆ ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಒಳಗೆ ನಡುರಾತ್ರಿ; ಮೂಲೆಯಲ್ಲೊಂದು ಕೆಂಪು ಬಲ್ಬು. ಒಳಗೆ ಬಂದವರು ತಮಗರಿವಿಲ್ಲದೆ ದನಿ ತಗ್ಗಿಸುತ್ತಿದ್ದರು.

ಡಾಕ್ಟರಮ್ಮ ತಂದ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಕಿರುಬೆರಳಿನಷ್ಟು ಸೀಸೆಗಳಿದ್ದವು.

"ಕಣ್ಣಿನ ದಂಟಲ್ಲಿ ಒಂದು ಗ್ರಂಥಿ ಇದೆ ಅಕ್ಕ. ಅದು ದಿನಾ ಅಂಡಾಶಯಕ್ಕೆ ಒಂದೇ ಮಾತು ಹೇಳ್ತಿರುತ್ತೆ, ಈಗಲ್ಲ, ಈಗಲ್ಲ ಅಂತ. ಸಮುದ್ರದಲ್ಲಾದ್ರೆ ಕಾಲ ಬಂದಾಗ ತಾನೇ ಸುಮ್ಮನಾಗುತ್ತೆ. ತೊಟ್ಟಿಯಲ್ಲಿ ಸುಮ್ಮನಾಗೋದೇ ಕಷ್ಟ. ಅದಕ್ಕೆ ನೀವು ಕಣ್ಣನ್ನೇ ತೆಗೀತೀರಿ."

"ಬೇಡ ಅನ್ನೋ ಬಾಯೇ ಇಲ್ಲದ ಹಾಗೆ."

"ಹೌದು. ಆದ್ರೆ ಅದೇ ದಂಟಲ್ಲಿ ಇನ್ನೂ ಹತ್ತಾರು ರಸ ಇವೆ. ಚಿಪ್ಪು ಕಳಚೋದಕ್ಕೆ ಒಂದು, ಮೈಯ ಸಕ್ಕರೆಗೆ ಒಂದು, ಬಣ್ಣಕ್ಕೆ ಒಂದು. ಎಲ್ಲಾ ಒಟ್ಟಿಗೆ ಏರುಪೇರಾಗುತ್ತೆ. ನಿಮ್ಮ ತಾಯಂದಿರು ನಾಲ್ಕೈದು ಸಲ ಮೊಟ್ಟೆ ಇಟ್ಟು ಸೊರಗಿ ಸಾಯೋದು ಅದಕ್ಕೇ. ನಾನು ಕಣ್ಣು ಮುಟ್ಟಲ್ಲ. ‘ಈಗಲ್ಲ’ ಅನ್ನೋ ರಸ ತಯಾರು ಮಾಡು ಅಂತ ಜೀನ್ ಒಂದು ಚೀಟಿ ಕಳಿಸುತ್ತೆ. ನನ್ನ ಇಂಜೆಕ್ಷನ್ ಆ ಚೀಟಿಯನ್ನ ದಾರಿಯಲ್ಲೇ ಹರಿದುಹಾಕುತ್ತೆ."

"ಅಂದ್ರೆ ನನ್ನ ಕೆಲಸದ ಚೀಟೀನೂ ಹರೀತೀರಿ ಅನ್ನಿ," ಎಂದು ಇಕ್ಕಳದಕ್ಕ ನಕ್ಕಳು.

ಮೂರು ತೊಟ್ಟಿ, ತೊಟ್ಟಿಗೆ ಇಪ್ಪತ್ತು ತಾಯಂದಿರು. ಮೊದಲನೆಯದಕ್ಕೆ ಇಕ್ಕಳ, ಎರಡನೆಯದಕ್ಕೆ ಇಂಜೆಕ್ಷನ್, ಮೂರನೆಯದಕ್ಕೆ ಏನೂ ಇಲ್ಲ. ಒಂದೊಂದರ ಕಣ್ಣಿನ ದಂಟಿಗೂ ಸಂಖ್ಯೆ ಬರೆದ ರಬ್ಬರು ಉಂಗುರ; ಎರಡನೇ ತೊಟ್ಟಿಯದು ನೀಲಿ. ಟಾರ್ಚ್ ಹಿಡಿದು ಮೈಯೊಳಗಿನ ಅಂಡಾಶಯ ಓದುವುದು ಇಕ್ಕಳದಕ್ಕನ ಪಾಲಿನ ಕೆಲಸ. ಬೆನ್ನಿನುದ್ದಕ್ಕೂ ದಾರದಂತೆ ಕಾಣುವ ನೆರಳು ಹಗ್ಗವಾಗಿ, ಹಗ್ಗ ಪಟ್ಟಿಯಾಗಿ, ಕೊನೆಗೆ ಬಾಲದ ಮೊದಲ ಮಡಿಕೆಯಲ್ಲಿ ಗಾಳಿಪಟದಂತೆ ಅಗಲಗೊಂಡು ಕಡು ಹಸಿರಾದರೆ, ಅಂದೇ ಮೊಟ್ಟೆ. ಅದರಲ್ಲಿ ಅವಳ ಮಾತು ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ.

ಐದನೆಯ ದಿನಕ್ಕೆ ಮೊದಲನೇ ತೊಟ್ಟಿಯಲ್ಲಿ ಹನ್ನೆರಡು ಹಸಿರಾದವು. ಎರಡನೆಯದರಲ್ಲಿ ಒಂದೂ ಇಲ್ಲ. ಹತ್ತನೆಯ ದಿನ ಇಲ್ಲ, ಹದಿನಾಲ್ಕನೆಯ ದಿನವೂ ಇಲ್ಲ. ಡಾಕ್ಟರಮ್ಮನ ಮುಖ ಹರಳೆಣ್ಣೆ ಕುಡಿದಂತಾಯಿತು. ನೀರಿನ ಬಿಸಿ ಅಳೆದಳು, ಉಪ್ಪು ಅಳೆದಳು, ಪುಸ್ತಕ ತಿರುವಿದಳು, ಊಟ ಬಿಟ್ಟಳು. ಹದಿನಾರನೆಯ ದಿನ ಬೆಳಿಗ್ಗೆ ಇಕ್ಕಳದಕ್ಕನ ಟಾರ್ಚಿಗೆ ಏಳು, ಒಂಬತ್ತು, ಹದಿಮೂರು, ಹದಿನೆಂಟು ಸಂಖ್ಯೆಯವುಗಳಲ್ಲಿ ನೆರಳು ಒಂಚೂರು ದಪ್ಪವಾದಂತೆ ಕಂಡಿತು. ಅದು ಕಣ್ಣಿನ ಆಸೆಯೋ ನಿಜವೋ ಎಂದು ತೀರ್ಮಾನಿಸಲಾಗದೆ ಬಾಯಿ ಬಿಡಲಿಲ್ಲ.

ಅಂದು ಮಧ್ಯಾಹ್ನ ಡಾಕ್ಟರಮ್ಮ ಊಟಕ್ಕೆ ಹೋದಾಗ ಭಾವ ಒಳಗೆ ಬಂದ. ಕೈಯಲ್ಲಿ ಒದ್ದೆ ಗೋಣಿ ಮುಚ್ಚಿದ ಬಕೆಟ್.

"ನಾಳೆ ಮಾಲೀಕರು ಬರ್ತಾರೆ. ಜೊತೆಗೆ ಹೊರಗಿನವರು ಐದು ಜನ. ಇಂಜೆಕ್ಷನ್ ಕೆಲಸ ಮಾಡಿದ್ರೆ ಘಟಕ ದುಪ್ಪಟ್ಟು ಮಾಡ್ತಾರೆ. ಇಲ್ಲ ಅಂದ್ರೆ ಈ ಕೋಣೆಗೆ ಬೀಗ. ತಾಯಂದಿರನ್ನ ಹೊರಗಿಂದಲೇ ತರಿಸ್ತಾರಂತೆ. ಬಾಯಿಬಿಟ್ಟೇ ಹೇಳಿದ್ರು ನನಗೆ."

ಬಕೆಟ್ಟಿನಲ್ಲಿ ನಾಲ್ಕು ಸೀಗಡಿ. ಬೆಳಿಗ್ಗೆ ದೋಣಿಯಿಂದ ಇಳಿದವು, ಕಡಲ ತಾಯಂದಿರು. ಎರಡೂ ಕಣ್ಣು ಸರಿಯಿದ್ದವು, ಬೆನ್ನು ಕಡು ಹಸಿರು. ಟಾರ್ಚೇ ಬೇಕಿರಲಿಲ್ಲ.

"ಭಾವ, ಕಡಲದ್ದು ಎರಡು ವಾರ ಬೇರೆ ಇಡಬೇಕಲ್ವಾ? ಕಾಲಿನ ತುದಿ ಕತ್ತರಿಸಿ ರೋಗ ಪರೀಕ್ಷೆಗೆ ಕಳಿಸಬೇಕಲ್ವಾ? ನೀವೇ ಗೋಡೆ ಮೇಲೆ ಬರೆಸಿ ಹಾಕಿದ್ದು."

"ಪರೀಕ್ಷೆ ಆಮೇಲೆ ಮಾಡಿಸೋಣ. ಈಗ ಉಂಗುರ ಬದಲಾಯಿಸು."

"ಇನ್ನೊಂದು ವಾರ ಕಾಯಬಹುದು. ನೆರಳು ಬರ್ತಾ ಇರೋ ಹಾಗಿದೆ."

"ನೆರಳು ತೋರಿಸಿದ್ರೆ ಚಪ್ಪಾಳೆ ಹೊಡೀತಾರಾ?" ಭಾವನ ದನಿ ಏರಲಿಲ್ಲ. ಎಂದೂ ಏರುತ್ತಿರಲಿಲ್ಲ. "ಮೂವತ್ತೆರಡು ಜನ ಇದ್ದಾರೆ ಇಲ್ಲಿ. ನಿನ್ನ ಗಂಡನಿಗೆ ಪಂಪ್ ಬಿಟ್ಟು ಬೇರೆ ಏನು ಬರುತ್ತೆ ಹೇಳು. ಆ ಹುಡುಗಿಗೂ ಒಳ್ಳೇದೇ ಆಗುತ್ತೆ. ಯಾರಿಗೆ ಕೇಡಾಗುತ್ತೆ ಇದರಲ್ಲಿ? ನೀನೇ ಹೇಳು."

ಅವಳು ಕೆಂಪು ಬೆಳಕಿನಲ್ಲಿ ಕುಕ್ಕರಗಾಲಲ್ಲಿ ಕೂತು ನಾಲ್ಕು ನೀಲಿ ಉಂಗುರ ಬಿಚ್ಚಿದಳು, ನಾಲ್ಕು ನೀಲಿ ಉಂಗುರ ತೊಡಿಸಿದಳು. ನೆರಳು ಕಂಡ ಆ ನಾಲ್ಕನ್ನೇ ಯಾಕೆ ಆರಿಸಿದಳೋ ಅವಳಿಗೇ ಗೊತ್ತಿಲ್ಲ. ಮುಂದೆ ಅದನ್ನು ನೆನೆದು ಎಷ್ಟೋ ಸಲ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಹತ್ತು ನಿಮಿಷದ ಕೆಲಸ. ಕಡಲಿನವು ತೊಟ್ಟಿಗೆ, ತೊಟ್ಟಿಯ ನಾಲ್ಕು ಬಕೆಟ್ಟಿಗೆ; ಬಕೆಟ್ ಅದೇ, ಬಲೆ ಅದೇ.

"ಇವನ್ನ ತಿಪ್ಪೆಗೆ ಹಾಕು," ಎಂದು ಭಾವ ಹೊರಟುಹೋದ.

ಹಾಕಲು ಕೈ ಬರಲಿಲ್ಲ. ಪಂಪ್ ಮನೆಯ ಹಿಂದೆ ಒಂದು ಹಳೆಯ ನೀಲಿ ಟಬ್ ಇತ್ತು. ಗಂಡ ಅದಕ್ಕೆ ಗಾಳಿಯ ಕೊಳವೆ ಎಳೆದುಕೊಟ್ಟ. "ಯಾಕೆ?" ಎಂದು ಕೇಳಲಿಲ್ಲ. ಅವನು ಕೇಳುವ ಪೈಕಿಯಲ್ಲ.

ಮರುದಿನ ಡಾಕ್ಟರಮ್ಮನ ಕೂಗು ಹೊರಗಿನವರೆಗೆ ಕೇಳಿತು. "ಅಕ್ಕಾ! ಬನ್ನಿ ಅಕ್ಕಾ! ನಾಲ್ಕು! ನೀವೇ ನೋಡಿ ಹೇಳಿ, ನನ್ನ ಕಣ್ಣು ನಂಬೋಕೆ ಆಗ್ತಿಲ್ಲ!" ಇಕ್ಕಳದಕ್ಕ ಬಗ್ಗಿ ಟಾರ್ಚ್ ಹಿಡಿದಳು. ನೋಡಬೇಕಾದ್ದೇನೂ ಇರಲಿಲ್ಲ. "ಹೌದು," ಎಂದಳು. ಹುಡುಗಿ ಒದ್ದೆ ಕೈಯಲ್ಲೇ ಅವಳನ್ನು ತಬ್ಬಿಕೊಂಡು ಅತ್ತುಬಿಟ್ಟಳು. ಬೂಟಿಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡ ಆರು ಜನ ಒಳಬಂದು, ಬಗ್ಗಿ ನೋಡಿ, ತಲೆದೂಗಿ, ಫೋಟೊ ಹಿಡಿದುಕೊಂಡು ಹೋದರು. ಅಂದೇ ನಾಲ್ಕೂ ಮೊಟ್ಟೆ ಇಟ್ಟವು. ಮರುದಿನ ಶುಕ್ರವಾರ ಲಕ್ಷಗಟ್ಟಲೆ ಮರಿ, ಧೂಳಿನ ಕಣದಂಥವು. ಸಂಜೆಯೇ ಆಮ್ಲಜನಕ ತುಂಬಿದ ಚೀಲಗಳಲ್ಲಿ ಅವನ್ನು ಕಟ್ಟಿ, ಮರಿ ಬೆಳೆಸುವ ಒಬ್ಬ ಹೆಂಗಸಿಗೆ ಕಳಿಸಲಾಯಿತು. ಫೋನಿನಲ್ಲಿ ಮಾತ್ರ ಪರಿಚಯವಿದ್ದ ಆ ಹೆಂಗಸನ್ನು ಇಲ್ಲಿನವರು ಎಂಟು ತೊಟ್ಟಿಯಾಕೆ ಎನ್ನುತ್ತಿದ್ದರು. ಅವಳಿಗಿದ್ದದ್ದೇ ಎಂಟು.

ಭಾನುವಾರ ಒಂಬತ್ತನೇ ಸಂಖ್ಯೆಯದು ಆಹಾರ ಮುಟ್ಟಲಿಲ್ಲ. ಮೊಟ್ಟೆ ಇಟ್ಟ ಆಯಾಸ ಇರಬಹುದು ಎಂದುಕೊಂಡಳು. ಸೋಮವಾರ ಅದು ತೊಟ್ಟಿಯ ತಳದಲ್ಲಿ ಮಗ್ಗುಲಾಗಿ ಬಿದ್ದಿತ್ತು; ಹದಿಮೂರು ಮತ್ತು ಹದಿನೆಂಟು ಗೋಡೆಗೆ ಅಂಟಿಕೊಂಡು ತೇಲುತ್ತಿದ್ದವು, ಬೆರಳು ತಾಗಿಸಿದರೂ ಸರಿಯಲಿಲ್ಲ. ಮೈ ನಸುಗೆಂಪು. ಸತ್ತದ್ದನ್ನು ಹೊರಗೆ ಬಿಸಿಲಿಗೆ ತಂದು ತಲೆಯ ಚಿಪ್ಪನ್ನು ಹೆಬ್ಬೆರಳಿನಿಂದ ಎಬ್ಬಿಸಿ ಬೆಳಕಿಗೆ ಹಿಡಿದಳು. ಒಳಮೈಗೆ ಉಪ್ಪಿನ ಹರಳು ಮೆತ್ತಿದಂತೆ ಬಿಳಿ ಚುಕ್ಕೆ. ಏಳು ವರ್ಷದ ಕೆಳಗೆ ಪಕ್ಕದ ಘಟಕದಲ್ಲಿ ಈ ಚುಕ್ಕೆ ರೋಗ ಕಾಣಿಸಿಕೊಂಡು, ವಾರದೊಳಗೆ ತೊಟ್ಟಿಗಳೆಲ್ಲ ಖಾಲಿಯಾಗಿದ್ದವು. ಆ ಘಟಕ ಈಗ ಮರದ ಹಲಗೆ ಇಡುವ ಗೋದಾಮು.

ಭಾವ ಚಿಪ್ಪನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. "ನೀರಲ್ಲಿ ಸುಣ್ಣದ ಅಂಶ ಜಾಸ್ತಿ ಆದ್ರೂ ಹೀಗೇ ಆಗುತ್ತೆ."

"ಸುಣ್ಣಕ್ಕೆ ಮೈ ಕೆಂಪಾಗುತ್ತಾ ಭಾವ?"

"ಎರಡು ದಿನ ನೋಡೋಣ. ಅಲ್ಲೀತನಕ ನೀನು ಯಾರ ಹತ್ರಾನೂ ಉಸಿರೆತ್ತಬೇಡ." ಚಿಪ್ಪನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಟ್ಟುಕೊಂಡ.

ಅಂದು ಮನೆಯಲ್ಲಿ ಗಂಡನಿಗೆ ಹೇಳಿದಳು. ಅವನು ತಟ್ಟೆ ನೋಡುತ್ತಲೇ, "ಅಣ್ಣ ಹೇಳಿದ್ಮೇಲೆ ಮುಗೀತಲ್ಲ," ಎಂದ. ಅತ್ತೆ ಇಬ್ಬರ ಮುಖವನ್ನೂ ನೋಡಿ, "ಏನು ಮುಗೀತು?" ಎಂದಳು.

ಮಂಗಳವಾರ ಬೆಳಿಗ್ಗೆ ಡಾಕ್ಟರಮ್ಮ ತಾಯಿ ಕೋಣೆಯ ಬಾಗಿಲಲ್ಲೇ ಅವಳನ್ನು ತಡೆದು ನಿಲ್ಲಿಸಿದಳು. ಕೈಯಲ್ಲಿ ಹಾಳೆಗಳು.

"ವರದಿ ಮುಗೀತು ಅಕ್ಕ, ಇವತ್ತು ಕಳಿಸ್ತೀನಿ. ಮೂರು ಸತ್ತಿದ್ದು ನನಗೂ ಅರ್ಥ ಆಗ್ತಿಲ್ಲ, ಔಷಧಿ ಪ್ರಮಾಣ ಹೆಚ್ಚಾಯ್ತೇನೋ, ಅದನ್ನೂ ಬರೆದಿದ್ದೀನಿ. ಕೊನೇಲಿ ನೋಡಿ." ಬೆರಳಿಟ್ಟು ಓದಿದಳು: "‘ಹನ್ನೊಂದು ವರ್ಷದ ಅನುಭವ ಇರುವ ಇವರ ಕಣ್ಣಿನ ನೆರವಿಲ್ಲದೆ ಈ ಕೆಲಸ ಸಾಧ್ಯವಿರಲಿಲ್ಲ.’ ನಿಮ್ಮ ಬಗ್ಗೆ."

ಇಕ್ಕಳದಕ್ಕ ಆ ಸಾಲನ್ನೇ ನೋಡುತ್ತ ನಿಂತಳು. ತನ್ನ ಮೇಲೆ ಯಾರಾದರೂ ಬರೆದದ್ದು ಇದೇ ಮೊದಲು.

"ಕಳಿಸಬೇಡಿ," ಎಂದಳು.

"ಯಾಕೆ? ಬೇಡ್ವಾ ನಿಮಗೆ?"

"ಆ ನಾಲ್ಕು ನಿಮ್ಮವಲ್ಲ. ಕಡಲಿಂದ ತಂದವು. ಉಂಗುರ ಬದಲಾಯಿಸಿದ್ದು ನಾನು." ಒಮ್ಮೆ ಶುರುವಾದ ಮಾತು ನಿಲ್ಲಲಿಲ್ಲ. ಬಕೆಟ್ಟು, ಭಾವ, ಬಿಳಿ ಚುಕ್ಕೆ, ಕರವಸ್ತ್ರದಲ್ಲಿ ಸುತ್ತಿದ ಚಿಪ್ಪು, ಎಲ್ಲವನ್ನೂ ಹೇಳಿದಳು.

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹಾಳೆಗಳನ್ನು ಅಂಚು ಸೇರಿಸಿ ಜೋಡಿಸುತ್ತಲೇ ಇದ್ದಳು, ಜೋಡಿಸಿದ್ದನ್ನೇ ಮತ್ತೆ ಜೋಡಿಸಿದಳು.

"ನನ್ನವು ಎಲ್ಲಿ?"

ಪಂಪ್ ಮನೆಯ ಹಿಂದಿನ ಟಬ್ಬಿಗೆ ಅವಳ ಗಂಡ ದಪ್ಪ ಟಾರ್ಪಾಲು ಮುಚ್ಚಿದ್ದ. ಇಬ್ಬರೂ ಅದರಡಿ ತಲೆ ತೂರಿಸಿದರು. ಡಾಕ್ಟರಮ್ಮ ಟಾರ್ಚ್ ಒತ್ತಿದಳು. ಮೊದಲನೆಯದು ಹಿಂದೆ ಸರಿದು ತಿರುಗಿತು. ಬೆನ್ನಿನ ನೆರಳು ಕಡು ಹಸಿರು, ಬಾಲದ ಮೊದಲ ಮಡಿಕೆಯಲ್ಲಿ ಎರಡೂ ಕಡೆ ಅಗಲಗೊಂಡಿತ್ತು. ಎರಡನೆಯದೂ ಹಾಗೇ. ಮೂರನೆಯದೂ. ನಾಲ್ಕನೆಯದು ಮಾತ್ರ ಇನ್ನೂ ಪಟ್ಟಿ. ಎಂಟಕ್ಕೆ ಎಂಟು ಕಣ್ಣೂ ಅದರದರ ದಂಟಿನ ಮೇಲೆ ಅಲುಗುತ್ತಿದ್ದವು.

"ಎಷ್ಟನೇ ದಿನ ಇವತ್ತು?" ಹುಡುಗಿ ಕೇಳಿದಳು.

"ಇಪ್ಪತ್ತೆರಡು."

"ಇಪ್ಪತ್ತೆರಡು," ಎಂದಳು ಅವಳು. ಟಾರ್ಪಾಲಿನ ಕೆಳಗೆ ಅವಳ ಉಸಿರು ಕೇಳಿಸುತ್ತಿತ್ತು. "ಆರು ದಿನ. ಆರೇ ದಿನ ಕಾದಿದ್ರೆ..." ಆಮೇಲೆ ಬೇರೆಯೇ ದನಿಯಲ್ಲಿ ಕೇಳಿದಳು: "ಬಲೆ, ಬಕೆಟ್ ಎಲ್ಲ ಅದೇನಾ? ಕಡಲಿಂದ ಬಂದವಕ್ಕೂ, ಇವಕ್ಕೂ?"

"ಅದೇ."

"ಹಾಗಾದ್ರೆ ಇವನ್ನೂ ಉಳಿಸೋ ಹಾಗಿಲ್ಲ." ಟಾರ್ಚ್ ಆರಿಸಿದಳು. "ಯಾವ ನೀರು, ಏನು ತಿಂದವು, ಯಾರು ಬರೆದಿಟ್ಟಿದ್ದಾರೆ? ಯಾರೂ ನಂಬಲ್ಲ ಅಕ್ಕ. ನಾನೇ ಆಗಿದ್ರೂ ನಂಬ್ತಿರಲಿಲ್ಲ."

ಮಾಲೀಕರಿಗೆ ಫೋನ್ ಮಾಡಿದ್ದು ಡಾಕ್ಟರಮ್ಮ. ಮಧ್ಯಾಹ್ನದ ಹೊತ್ತಿಗೆ, ಸತ್ತವನ್ನು ಪರೀಕ್ಷೆಗೆ ಕಳಿಸಿ, ರೋಗ ಹರಡದಂತೆ ಎಲ್ಲ ತೊಟ್ಟಿಗೂ ಬ್ಲೀಚಿಂಗ್ ಪುಡಿ ಸುರಿಯಬೇಕೆಂದು ಅಪ್ಪಣೆ ಬಂತು. ಸುರಿದವಳು ಇಕ್ಕಳದಕ್ಕನೇ. ಒಂಟಿಗಣ್ಣಿನವು, ಜೋಡಿಗಣ್ಣಿನವು, ಏನೂ ಮಾಡಿಸಿಕೊಳ್ಳದೆ ಸುಮ್ಮನೆ ಇದ್ದ ಮೂರನೇ ತೊಟ್ಟಿಯವು, ಎಲ್ಲವೂ ಒಮ್ಮೆ ನೀರಿನಿಂದ ಮೇಲಕ್ಕೆ ಚಿಮ್ಮಿ ಬಿದ್ದವು. ಟಬ್ಬಿಗೆ ತಾನೇ ಹಾಕುತ್ತೇನೆಂದು ಡಾಕ್ಟರಮ್ಮ ಪುಡಿಯ ಡಬ್ಬಿ ಇಸಿದುಕೊಂಡು ಒಬ್ಬಳೇ ಪಂಪ್ ಮನೆಯ ಹಿಂದಕ್ಕೆ ಹೋದಳು. ಬರುವಾಗ ಮುಖ ತೊಳೆದುಕೊಂಡು ಬಂದಳು.

"ಮೂವತ್ತೆರಡು ಮನೆಯ ಹೊಟ್ಟೆ ಮೇಲೆ ಹೊಡೆದೆಯಲ್ಲೇ," ಎಂದ ಭಾವ. ಆಗಲೂ ದನಿ ಏರಿಸಲಿಲ್ಲ. ಗೇಟಿನ ಬಳಿ ಕಲ್ಲಿನ ಮೇಲೆ ಕೂತಿದ್ದ, ಒಂದೇ ದಿನದಲ್ಲಿ ಅತ್ತೆಯ ವಯಸ್ಸಾದವನಂತೆ.

"ಎಂಟು ತೊಟ್ಟಿಯಾಕೆಗೆ ಹೇಳಿದ್ರಾ ಭಾವ? ತಾಯಿ ರೋಗ ಮರಿಗೂ ಇಳಿಯುತ್ತಲ್ಲ."

"ಪರೀಕ್ಷೆಯ ಫಲಿತಾಂಶ ಬರಲಿ. ಇಲ್ಲದ್ದನ್ನ ಹೇಳಿ ಅವಳನ್ನ ಯಾಕೆ ಹೆದರಿಸೋದು?"

ಇಕ್ಕಳದಕ್ಕನೇ ಫೋನ್ ಮಾಡಿದಳು. ಆ ಕಡೆ ಎತ್ತುತ್ತಲೇ, "ನಿಮ್ಮ ಮರಿ ಬಂಗಾರ ಕಣ್ರೀ!" ಎಂಬ ಮಾತು ಕೇಳಿ, ನಾಳೆ ಬೆಳಿಗ್ಗೆ ಬರುತ್ತೇನೆಂದಷ್ಟೇ ಹೇಳಿ ಇಟ್ಟುಬಿಟ್ಟಳು.

ಬುಧವಾರ, ರೋಗ ತನ್ನ ಜೊತೆ ಹೋಗದಿರಲೆಂದು ತಲೆಗೆ ಸ್ನಾನ ಮಾಡಿ, ತೊಳೆದ ಬಟ್ಟೆ ಉಟ್ಟು, ಚಪ್ಪಲಿಯನ್ನೂ ಬದಲಾಯಿಸಿ ಬಸ್ಸಿಗೆ ಹೊರಟಳು. ಅಂಗಳದ ಆ ಕಡೆ ಭಾವನ ಮನೆಯ ಬಾಗಿಲು ಮುಚ್ಚಿತ್ತು. ತಿಂಗಳು ಮುಗಿಯಲು ಇನ್ನೂ ಹತ್ತು ದಿನವಿದ್ದರೂ ಅತ್ತೆ ತನ್ನ ಚಾಪೆ ಎತ್ತಿಕೊಂಡು ಅಲ್ಲಿಗೆ ಹೋಗಿದ್ದಳು. ಬೀದಿಯ ತಿರುವಿನಲ್ಲಿ ಹಿಂದಿನಿಂದ ಸ್ಕೂಟರು ಬಂದು ನಿಂತಿತು. ಗಂಡ ಅವಳ ಮುಖ ನೋಡದೆ, "ಹತ್ತಿಕೋ," ಎಂದ. ಒಂದೂವರೆ ಗಂಟೆಯ ದಾರಿ. ಅವನ ಬೆನ್ನಿಗೆ ಕೈಯಿಟ್ಟು ಕೂತಿದ್ದಳು.

ತಗಡಿನ ಛಾವಣಿಯ ಉದ್ದನೆಯ ಶೆಡ್ಡು. ಬಾಗಿಲಿಗೆ ಅಡ್ಡವಾಗಿ ಕಾಲು ಅದ್ದುವ ಔಷಧಿ ನೀರಿನ ತಟ್ಟೆ. ಒಳಗಿನಿಂದ ಒಬ್ಬ ಗುಂಡಗಿನ ಹೆಂಗಸು ಸೆರಗಿಗೆ ಕೈ ಒರೆಸುತ್ತ ಬಂದಳು. "ಇಕ್ಕಳದಕ್ಕ ಅಂದ್ರೆ ನೀವೇನಾ? ದನಿ ಕೇಳಿ ದೊಡ್ಡ ಆಳು ಅಂದ್ಕೊಂಡಿದ್ದೆ! ಬನ್ನಿ ಬನ್ನಿ, ಒಳಗೆ ಬನ್ನಿ. ಎಂಟಕ್ಕೆ ಎಂಟೂ ನಿಮ್ಮ ಮರೀನೇ ತುಂಬಿದ್ದೀನಿ ಈ ಸಲ."

"ನಾನು ಒಳಗೆ ಬರೋ ಹಾಗಿಲ್ಲ. ಇಲ್ಲೇ ನಿಲ್ತೀನಿ."

"ಅದೇನು ಸಂಕೋಚ? ತಾಳಿ, ಹಾಗಾದ್ರೆ ಇಲ್ಲಿಗೇ ತರ್ತೀನಿ." ಹೆಂಗಸು ಒಳಗೋಡಿ ಒಂದು ಗಾಜಿನ ಲೋಟದಲ್ಲಿ ತೊಟ್ಟಿಯ ನೀರು ಮೊಗೆದು ತಂದು ಬಿಸಿಲಿಗೆ ಎತ್ತಿ ಹಿಡಿದಳು. "ಐದು ದಿನಕ್ಕೆ ಹೇಗಾಗಿವೆ ನೋಡಿ. ಪ್ರತಿಯೊಂದಕ್ಕೂ ಹಿಂದೆ ದಾರ ಎಳೆದ ಹಾಗೆ ಇದೆಯಲ್ಲ, ಹೊಟ್ಟೆ ತುಂಬಾ ತಿಂತಿವೆ ಅಂತ ಲೆಕ್ಕ. ಇಷ್ಟು ಚೆನ್ನಾಗಿರೋದು ಬಂದು ಎಷ್ಟು ಕಾಲ ಆಗಿತ್ತು!" ಮಾತಿನ ನಡುವೆ ಒಮ್ಮೆ ಮೂಗೆಳೆದಳು. "ಬ್ಲೀಚಿಂಗ್ ವಾಸನೆ ಅಲ್ವಾ ಇದು? ನಿಮ್ಮ ಕೂದಲಿಂದ ಬರ್ತಿದೆ."

ಗಂಡ ರಸ್ತೆಯಂಚಿನಲ್ಲಿ ಸ್ಕೂಟರಿನ ಪಕ್ಕ ಬೇರೆ ಕಡೆಗೆ ಮುಖ ಮಾಡಿ ನಿಂತಿದ್ದ.

"ಆ ಮರಿಗಳ ತಾಯಂದಿರ ವಿಷಯ ಹೇಳೋಕೆ ಬಂದೆ," ಎಂದು ಇಕ್ಕಳದಕ್ಕ ಶುರುಮಾಡಿದಳು. ಈ ಸಲ ಏನನ್ನೂ ಬಿಡದೆ, ಅವಸರ ಮಾಡದೆ, ಮೊದಲಿನಿಂದ ಹೇಳಿದಳು. ಹೆಂಗಸು ಎತ್ತಿದ ಕೈಯನ್ನು ಇಳಿಸಲಿಲ್ಲ. ಲೋಟದ ನೀರು ಅಲುಗಾಡಿ, ಮೆಲ್ಲಗೆ ನಿಂತಿತು. ಮರಿಗಳೆಲ್ಲ ಒಂದೊಂದಾಗಿ ಬಿಸಿಲು ಬೀಳುತ್ತಿದ್ದ ಕಡೆಯ ಗಾಜಿಗೆ ಬಂದು ಸೇರತೊಡಗಿದವು.